ಹದಿನೈದರ ಮಕ್ಕಳಿಗೆ ಹಾಡಷ್ಟೇ ಸಾಕೇ?

ಜಪಾನ್ ಎಂದೊಡನೆ ನಮ್ಮ ವೇದಿಕೆಗಳಲ್ಲಿ ಶಿಸ್ತಿನ ಮಾತು ಶುರುವಾಗುತ್ತದೆ. ಅಲ್ಲಿನ ರೈಲುಗಳ ಸಮಯಪಾಲನೆ ನೋಡಿ, ತಮ್ಮ ತರಗತಿಯನ್ನು ತಾವೇ ಗುಡಿಸುವ ಅಲ್ಲಿನ ಮಕ್ಕಳನ್ನು ನೋಡಿ ಕಲಿಯಿರಿ ಎಂದು ಭಾಷಣಕಾರರು ಉಪದೇಶಿಸುತ್ತಾರೆ. ಆದರೆ ಆ ಮಕ್ಕಳು ಏನನ್ನು ಹಾಡುತ್ತಾರೆ ಎಂದು ಯಾರೂ ಕೇಳುವುದಿಲ್ಲ. ಒಂದು ನಾಡು ತನ್ನ ಮಕ್ಕಳನ್ನು ಹೇಗೆ ನಡೆಸಿಕೊಳ್ಳುತ್ತಿದೆ ಎಂಬುದನ್ನು ತಿಳಿಯಲು ಪರೀಕ್ಷೆಯ ಫಲಿತಾಂಶಕ್ಕಿಂತ ಆ ಮಕ್ಕಳ ಬಾಯಲ್ಲಿರುವ ಹಾಡು ಹೆಚ್ಚು ನಂಬಲರ್ಹ ಸಾಕ್ಷಿ.

ಜಪಾನಿನಲ್ಲಿ ಹರೆಯದ ಕುರಿತ ಹಾಡುಗಳದ್ದೇ ಒಂದು ದೊಡ್ಡ ಲೋಕವಿದೆ. ಅಲ್ಲಿ ಶಾಲಾ ವರ್ಷ ಮಾರ್ಚ್‌ನಲ್ಲಿ ಮುಗಿದು ಏಪ್ರಿಲ್‌ನಲ್ಲಿ ಶುರುವಾಗುತ್ತದೆ. ಚೆರ್ರಿ ಹೂ ಅರಳುವ ಆ ದಿನಗಳಿಗಾಗಿ ವಿದಾಯದ ಹಾಡುಗಳು, ಹದಿನೈದು ಹದಿನೇಳರ ವಯಸ್ಸಿನ ತಳಮಳದ ಹಾಡುಗಳು ವರ್ಷವರ್ಷವೂ ಬರುತ್ತವೆ. ಸಂಗೀತ ಸಲ್ಲುತ್ತದೆಯೇ ಸಲ್ಲದೇ ಎಂಬ ನಮ್ಮ ಸಮುದಾಯದೊಳಗಿನ ಹಳೆಯ ಚರ್ಚೆಗೆ ನಾವು ಇಲ್ಲಿ ಕೈ ಹಾಕುತ್ತಿಲ್ಲ. ನಮ್ಮ ತಕರಾರು ಹಾಡಿನ ಮೇಲಲ್ಲ. ಮಕ್ಕಳ ಬಾಯಿಂದ ಹಾಡು ಹೊರಡಿಸಿ, ಅದನ್ನು ಕೇಳಿ ಕಣ್ಣೊರೆಸಿಕೊಂಡು, ಅಲ್ಲಿಗೆ ತಮ್ಮ ಕರ್ತವ್ಯ ಮುಗಿಯಿತೆಂದು ಎದ್ದು ಹೋಗುವ ಹಿರಿಯರ ಮೇಲೆ.

1983ರ ಡಿಸೆಂಬರಿನಲ್ಲಿ ಯುತಾಕಾ ಒಜಾಕಿ ಎಂಬ 18ರ ಹುಡುಗ ‘ಹದಿನೈದರ ರಾತ್ರಿ’ ಎಂಬ ಹಾಡಿನೊಂದಿಗೆ ಜಪಾನಿನ ಸಂಗೀತ ಲೋಕಕ್ಕೆ ಕಾಲಿಟ್ಟ. ಹೈಸ್ಕೂಲನ್ನು ಅರ್ಧಕ್ಕೇ ಬಿಟ್ಟವನು ಅವನು. ಕದ್ದ ಬೈಕಿನಲ್ಲಿ ಗೊತ್ತುಗುರಿಯಿಲ್ಲದೆ ಓಡುವ ಹುಡುಗನ ಕಥೆ ಆ ಹಾಡಿನಲ್ಲಿತ್ತು. 1985ರಲ್ಲಿ ಬಂದ ಅವನ ‘ವಿದಾಯ’ದಲ್ಲಿ ರಾತ್ರಿ ಹೊತ್ತು ಶಾಲೆಯ ಕಿಟಕಿ ಗಾಜುಗಳನ್ನು ಒಡೆಯುವ ಹುಡುಗರು ಬಂದರು. ಶಾಲೆಯಿಂದ ಹೊರಬಿದ್ದ ಮೇಲೂ ಇನ್ನಾವುದೋ ಹಿಡಿತದಿಂದ ಬಿಡುಗಡೆ ಪಡೆಯುವುದು ಬಾಕಿಯಿದೆಯಲ್ಲ ಎಂಬ ಪ್ರಶ್ನೆ ಆ ಹಾಡಿನದು. ಮಕ್ಕಳು ಕೆಡುತ್ತಾರೆ ಎಂದು ಹಿರಿಯರು ಹುಬ್ಬುಗಂಟಿಕ್ಕಿದರು.

ಮಕ್ಕಳನ್ನು ಕೆಡಿಸುತ್ತಿದ್ದುದು ಹಾಡೇ? ಹುಡುಗರ ತಲೆಗೂದಲನ್ನು ಬುಡಮಟ್ಟ ಕತ್ತರಿಸಬೇಕು, ಹುಡುಗಿಯರ ಲಂಗದ ಅಂಚು ಇಷ್ಟೇ ಇಳಿಯಬೇಕು ಎಂದು ಅಳತೆಪಟ್ಟಿ ಹಿಡಿದು ನಿಂತ ಶಾಲೆಗಳ ಕಾಲ ಅದು. ತಲೆ ಬೋಳಿಸುವ ನಿಯಮವನ್ನು ಪ್ರಶ್ನಿಸಿ ನ್ಯಾಯಾಲಯಕ್ಕೆ ಹೋದ ಹುಡುಗನೊಬ್ಬನಿಗೆ ಅದೇ 1985ರಲ್ಲಿ ಕುಮಾಮೊಟೊದ ಜಿಲ್ಲಾ ನ್ಯಾಯಾಲಯದಲ್ಲಿ ಸೋಲಾಯಿತು. 1990ರ ಜುಲೈನಲ್ಲಿ ಕೋಬೆಯ ಹೈಸ್ಕೂಲೊಂದರಲ್ಲಿ, ತಡವಾಗಿ ಬರುವವರನ್ನು ತಡೆಯಲೆಂದು ಶಿಕ್ಷಕರೊಬ್ಬರು ಕಬ್ಬಿಣದ ಗೇಟನ್ನು ಎಳೆದು ಮುಚ್ಚಿದಾಗ, ಒಳಗೆ ಓಡಿ ಬರುತ್ತಿದ್ದ 15 ವರ್ಷದ ಹುಡುಗಿ ಅದರ ನಡುವೆ ಸಿಲುಕಿ ಸತ್ತಳು. ಹಾಡಿನಲ್ಲಿ ಒಡೆದ ಗಾಜಿನ ಸದ್ದಿಗೆ ಬೆಚ್ಚಿಬಿದ್ದವರು, ಆ ಗೇಟು ಮುಚ್ಚುವವರೆಗೆ ಎಲ್ಲಿದ್ದರು?

ಒಜಾಕಿ 1992ರಲ್ಲಿ ತನ್ನ 26ನೇ ವಯಸ್ಸಿನಲ್ಲಿ ತೀರಿಹೋದ. ಅವನ ಅಂತಿಮ ದರ್ಶನಕ್ಕೆ ಹತ್ತಾರು ಸಾವಿರ ಮಂದಿ ಮಳೆಯಲ್ಲಿ ಸಾಲುಗಟ್ಟಿ ನಿಂತರು. ಅಂದು ಆ ಹಾಡುಗಳಿಗೆ ತಲೆದೂಗಿದ ಪೀಳಿಗೆಯೇ ಮುಂದೆ ತಂದೆತಾಯಿಯಾಯಿತು, ಶಾಲಾ ಆಡಳಿತವಾಯಿತು. ಆದರೆ ಹುಟ್ಟಿನಿಂದಲೇ ಕಂದು ಬಣ್ಣದ ಕೂದಲಿದ್ದ ತನ್ನನ್ನು ಕಪ್ಪು ಬಣ್ಣ ಹಚ್ಚಿಕೊಳ್ಳುವಂತೆ ಶಾಲೆಯವರು ಪೀಡಿಸಿದರೆಂದು ಒಸಾಕಾದ ವಿದ್ಯಾರ್ಥಿನಿಯೊಬ್ಬಳು 2017ರಲ್ಲಿ ದಾವೆ ಹೂಡಬೇಕಾಯಿತು. 2021ರಲ್ಲಿ ನ್ಯಾಯಾಲಯ ಆಕೆಗೆ ಪರಿಹಾರ ಕೊಡಿಸಿತಾದರೂ ಕೂದಲ ನಿಯಮ ಕಾನೂನುಬಾಹಿರವೆಂದು ಹೇಳಲಿಲ್ಲ. ತಲೆಯ ಮೇಲೆ ಏನಿರಬೇಕು, ಏನಿರಬಾರದು ಎಂಬ ಕಾರಣಕ್ಕೆ ಹೆಣ್ಣುಮಕ್ಕಳನ್ನು ಕಾಲೇಜಿನ ಗೇಟಿನ ಹೊರಗೆ ನಿಲ್ಲಿಸಿದ 2022ರ ಕರ್ನಾಟಕವನ್ನು ಕಂಡ ನಮಗೆ ಇದು ದೂರದ ದೇಶದ ಕಥೆಯೆನಿಸುವುದಿಲ್ಲ.

ಈಗ ಇನ್ನೊಂದು ಹಾಡಿನ ಕಡೆ ಬರೋಣ. 1932ರಲ್ಲಿ ಆರಂಭವಾದ, ಎನ್‌ಎಚ್‌ಕೆ ಪ್ರಸಾರ ಸಂಸ್ಥೆಯ ಶಾಲಾ ಸಂಗೀತ ಸ್ಪರ್ಧೆ ಜಪಾನಿನಲ್ಲಿ ಬಹಳ ಹೆಸರುವಾಸಿ. 2008ರಲ್ಲಿ ಅದರ ಕಿರಿಯ ಪ್ರೌಢಶಾಲಾ ವಿಭಾಗಕ್ಕೆ ಗಾಯಕಿ ಆಂಜೆಲಾ ಆಕಿ ‘ಪತ್ರ’ ಎಂಬ ಹಾಡನ್ನು ಕೊಟ್ಟರು. ಹರೆಯದಲ್ಲಿ ತನಗೆ ತಾನೇ ಬರೆದಿಟ್ಟಿದ್ದ ಪತ್ರವೊಂದು ಮೂವತ್ತನೇ ವಯಸ್ಸಿನಲ್ಲಿ ತಾಯಿಯ ಮೂಲಕ ಆಕೆಯ ಕೈಸೇರಿದ್ದು ಈ ಹಾಡಿಗೆ ಪ್ರೇರಣೆ. 15ರ ಮಗು ಭವಿಷ್ಯದ ತನಗೆ ಪತ್ರ ಬರೆಯುತ್ತದೆ, ದೊಡ್ಡವನಾದ ಆ ‘ತಾನು’ ಮರಳಿ ಉತ್ತರಿಸುತ್ತಾನೆ, ಧೈರ್ಯ ಹೇಳುತ್ತಾನೆ. ದೇಶದುದ್ದಕ್ಕೂ ಮಕ್ಕಳು ಇದನ್ನು ಹಾಡಿದರು. ಕೇಳಿದ ಹೆತ್ತವರು ಅತ್ತರು. ಇಂದಿಗೂ ಬೀಳ್ಕೊಡುಗೆ ಸಮಾರಂಭಗಳಲ್ಲಿ ಅದು ಕೇಳಿಬರುತ್ತದೆ.

ಹಾಡು ಪ್ರಾಮಾಣಿಕವಾದುದು, ಅದರಲ್ಲಿ ನಮಗೆ ಸಂಶಯವಿಲ್ಲ. ಆದರೆ ಸ್ವಲ್ಪ ಗಮನವಿಟ್ಟು ನೋಡಿ. ಆ ಸಂಭಾಷಣೆಯಲ್ಲಿ ಎಷ್ಟು ಮಂದಿ ಇದ್ದಾರೆ? ಒಬ್ಬರೇ. ಬರೆದವರೂ ಅವರೇ, ಉತ್ತರಿಸಿದವರೂ ಅವರೇ. ಯಾರಲ್ಲೂ ಹೇಳಲಾಗದ್ದನ್ನು ಮಗು ಇನ್ನೂ ಹುಟ್ಟದ ತನ್ನೊಳಗಿನ ದೊಡ್ಡವನಿಗೆ ಹೇಳಿಕೊಳ್ಳುತ್ತಿದೆ. ಅಮ್ಮ ಎಲ್ಲಿ? ಅಪ್ಪ ಎಲ್ಲಿ? ಮೇಷ್ಟ್ರು ಎಲ್ಲಿ? ಅವರೆಲ್ಲ ಸಭಾಂಗಣದ ಕುರ್ಚಿಗಳಲ್ಲಿ ಕುಳಿತು ಕರವಸ್ತ್ರ ಹುಡುಕುತ್ತಿದ್ದಾರೆ! ನಮ್ಮ ಮಗು ಈ ಪತ್ರವನ್ನು ನಮಗೇಕೆ ಬರೆಯಲಿಲ್ಲ ಎಂಬ ಪ್ರಶ್ನೆ ಅವರನ್ನು ಕಾಡಬೇಕಿತ್ತು.

ಕಾಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಂಕಿ ಅಂಶಗಳಿವೆ. 1972ರಿಂದ 2013ರವರೆಗಿನ ದಾಖಲೆಗಳನ್ನು ಪರಿಶೀಲಿಸಿದ ಜಪಾನ್ ಸರಕಾರ, 18 ವರ್ಷದೊಳಗಿನವರ ಆತ್ಮಹತ್ಯೆಗಳು ಸೆಪ್ಟೆಂಬರ್ 1ರಂದು ಅತಿ ಹೆಚ್ಚು ಎಂದು 2015ರಲ್ಲಿ ಪ್ರಕಟಿಸಿತು. ಅದು ಬೇಸಿಗೆ ರಜೆ ಮುಗಿದು ಶಾಲೆ ಮರಳಿ ತೆರೆಯುವ ಹೊತ್ತು. 2024ರಲ್ಲಿ ಶಾಲಾ ಮಕ್ಕಳ ಆತ್ಮಹತ್ಯೆಯ ಸಂಖ್ಯೆ 500ನ್ನು ದಾಟಿತ್ತು. ಜನಸಂಖ್ಯೆಯಲ್ಲಿ ಮಕ್ಕಳ ಪಾಲು ಕುಗ್ಗುತ್ತಿರುವ ದೇಶವಿದು ಎಂಬುದನ್ನು ಮರೆಯಬಾರದು. 2023ರ ಶೈಕ್ಷಣಿಕ ಸಾಲಿನಲ್ಲಿ ಕಾಯಿಲೆ, ಬಡತನಗಳ ಕಾರಣವಿಲ್ಲದೆ 30 ದಿನ ಅಥವಾ ಅದಕ್ಕೂ ಹೆಚ್ಚು ಕಾಲ ಶಾಲೆಯಿಂದ ದೂರ ಉಳಿದ ಪ್ರಾಥಮಿಕ ಮತ್ತು ಕಿರಿಯ ಪ್ರೌಢಶಾಲಾ ಮಕ್ಕಳು ಸುಮಾರು 3 ಲಕ್ಷ 46 ಸಾವಿರ. ಇವರಿಗೆಲ್ಲ ಧೈರ್ಯದ ಹಾಡುಗಳ ಕೊರತೆಯಿತ್ತೆಂದು ಯಾರಾದರೂ ಹೇಳಬಲ್ಲರೇ?

ಸೋಲಬೇಡ, ನಿನ್ನನ್ನು ನೀನು ನಂಬು ಎಂಬ ಮಾತು ಕೇಳಲು ಇಂಪು. ಆದರೆ ಬದಲಾಗಬೇಕಾದದ್ದು ಶಾಲೆಯೋ ಮನೆಯೋ ಆಗಿರುವಾಗ, ಅದೇ ಮಾತು ಇಡೀ ಭಾರವನ್ನು ಮಗುವಿನ ತಲೆಗೇ ಹೊರಿಸುತ್ತದೆ. ಮಗು ಬಿದ್ದರೆ ಅದರ ನಂಬಿಕೆಯೇ ಸಾಲದಾಯಿತು ಎಂದು ಷರಾ ಬರೆದು ಕೈ ತೊಳೆದುಕೊಳ್ಳಬಹುದು. ಮಾರುಕಟ್ಟೆಗೂ ಇದು ಅನುಕೂಲ. ದೂರು ಕೊಡುವ ಮಗುವಿಗಿಂತ ತನ್ನನ್ನು ತಾನೇ ಸಮಾಧಾನ ಮಾಡಿಕೊಳ್ಳುವ ಮಗುವಿನ ಹಾಡನ್ನು ಹೆತ್ತವರಿಗೆ ಮಾರುವುದು ಸುಲಭ.

ದೂರಿನ ಹಾಡು ಮತ್ತೆ ಬಂದಾಗ ಏನಾಯಿತು ಎಂಬುದನ್ನೂ ನೋಡಿದ್ದೇವೆ. 2020ರ ಅಕ್ಟೋಬರಿನಲ್ಲಿ ಆಡೋ ಎಂಬ 17ರ ಗಾಯಕಿಯ ‘ಉಸ್ಸೇವಾ’ ಬಂತು. ‘ಬಾಯಿ ಮುಚ್ಚಿ’ ಎಂದು ಗದರುವ ಮಾತು ಅದು. ಚಿಕ್ಕಂದಿನಿಂದ ಜಾಣಮಕ್ಕಳೆನಿಸಿಕೊಂಡು ಬೆಳೆದವರು, ದೊಡ್ಡವರ ಲೋಕದ ನಯವಿನಯಗಳೆಂಬ ಕಟ್ಟುಪಾಡಿಗೆ ರೋಸಿ ಕೂಗುವ ಹಾಡು. ಪುಟ್ಟ ಮಕ್ಕಳೂ ಅದನ್ನು ಹಾಡತೊಡಗಿದಾಗ ಇಂಥ ಮಾತು ಮಕ್ಕಳ ಬಾಯಲ್ಲಿ ಬರಬಹುದೇ ಎಂಬ ಚರ್ಚೆ ನಡೆಯಿತು. ಮನೆಗೆ ಬೆಂಕಿ ಬಿದ್ದಿದೆ ಎಂದು ಕೂಗಿದವರ ಉಚ್ಚಾರಣೆ ತಿದ್ದುವ ಚಟ ಎಲ್ಲ ದೇಶದ ಹಿರಿಯರಿಗೂ ಇದೆ.

ಹಾಗಾದರೆ ಹಿರಿಯರು ಮಾಡಬೇಕಾದ್ದೇನು? ಉತ್ತರವೂ ಜಪಾನಿನಲ್ಲೇ ಇದೆ. ಸೈತಾಮಾ ಪ್ರಾಂತದ ಚಿಚಿಬುವಿನ ಶಾಲೆಯೊಂದರಲ್ಲಿ 1991ರಲ್ಲಿ ಮುಖ್ಯೋಪಾಧ್ಯಾಯ ನೊಬೊರು ಕೊಜಿಮಾ ಬರೆದು, ಅಲ್ಲಿನ ಸಂಗೀತ ಶಿಕ್ಷಕಿ ರಾಗ ಹಾಕಿದ ‘ಹೊರಡುವ ದಿನದಂದು’ ಎಂಬ ಹಾಡು ಇಂದು ದೇಶದ ಅಸಂಖ್ಯ ಶಾಲೆಗಳ ಬೀಳ್ಕೊಡುಗೆ ಗೀತೆ. ಆದರೆ ಅದನ್ನು ಮೊದಲು ಹಾಡಿದವರು ಮಕ್ಕಳಲ್ಲ. ಹೊರಟು ನಿಂತ ಮಕ್ಕಳೆದುರು ವೇದಿಕೆಯೇರಿ ಹಾಡಿದವರು ಶಿಕ್ಷಕರು! ಹಿರಿಯರು ಹಾಡಿದರು, ಮಕ್ಕಳು ಕೇಳಿದರು.

ಕನ್ನಡದಲ್ಲೂ ಓದುಗರ ಮನ ಗೆದ್ದ ‘ತೊತ್ತೋಚಾನ್’ ಪುಸ್ತಕವನ್ನು ನೆನೆಯಿರಿ. ಮೊದಲ ಶಾಲೆಯಿಂದ ಹೊರಹಾಕಲ್ಪಟ್ಟ ಪುಟ್ಟ ಹುಡುಗಿಗೆ ಹೊಸ ಶಾಲೆಯ ಮುಖ್ಯೋಪಾಧ್ಯಾಯ ಕೊಬಾಯಾಶಿ ಉಪದೇಶ ಕೊಡಲಿಲ್ಲ. ಆಕೆಯ ಎದುರು ಕುಳಿತು ನಾಲ್ಕು ತಾಸು ಆಕೆಯ ಮಾತು ಕೇಳಿದರು. ಪ್ರವಾದಿ ಮುಹಮ್ಮದರ(ಸ) ಸೇವೆಯಲ್ಲಿ ಬಾಲ್ಯದಿಂದ ಹತ್ತು ವರ್ಷ ಕಳೆದ ಅನಸ್(ರ), ಅಷ್ಟೂ ಕಾಲ ಅವರು ಒಮ್ಮೆಯೂ ತನ್ನ ಮೇಲೆ ‘ಛೆ’ ಎಂದು ಸಿಡುಕಲಿಲ್ಲ ಎಂದಿದ್ದಾರೆ. ಈ ಹದೀಸನ್ನು ಪ್ರವಚನಗಳಲ್ಲಿ ಕೇಳಿ ‘ಸುಬ್‌ಹಾನಲ್ಲಾಹ್’ ಎನ್ನುವ ನಾವು, ಮನೆಗೆ ಬಂದು ಅಂಕಪಟ್ಟಿ ಹಿಡಿದಾಗ ಅದನ್ನು ಎಷ್ಟು ನೆನಪಿಡುತ್ತೇವೆ?

ಮಕ್ಕಳು ಹಾಡಲಿ, ಯಾರೂ ತಡೆಯಬೇಕಿಲ್ಲ. ಆದರೆ ಅವರ ಹಾಡಿಗೆ ಚಪ್ಪಾಳೆ ತಟ್ಟುವ ಮೊದಲು ಅವರ ದೂರನ್ನು ಕೇಳುವ ವ್ಯವಧಾನ ನಮಗಿರಲಿ. ಹದಿನೈದರ ಮಗು ಪತ್ರ ಬರೆಯುವುದಾದರೆ ಅದು ಹದಿನೈದು ವರ್ಷ ಕಾಯಬೇಕಾಗಿಲ್ಲ. ವಿಳಾಸದಲ್ಲಿ ನಮ್ಮ ಹೆಸರಿರಬೇಕು, ಉತ್ತರ ಅಂದೇ ಸಿಗಬೇಕು.