ಕೆಲಸದ ದೀಪ

ಸಂಸ್ಕೃತದಲ್ಲಿ ದೇಹಲೀದೀಪನ್ಯಾಯವೆಂದು ಒಂದು ಮಾತುಂಟು. ಹೊಸ್ತಿಲ ಮೇಲಿಟ್ಟ ದೀಪವು ಒಳಮನೆಗೂ ಹೊರಗಣ ಜಗುಲಿಗೂ ಏಕಕಾಲದಲ್ಲಿ ಬೆಳಕು ಕೊಡುವಂತೆ, ವಾಕ್ಯದ ನಡುವೆ ನಿಂತ ಒಂದು ಪದವು ಹಿಂದಿನದಕ್ಕೂ ಮುಂದಿನದಕ್ಕೂ ಅನ್ವಯಿಸುವುದುಂಟು. ಅಂಥ ಕಡೆ ವ್ಯಾಖ್ಯಾನಕಾರರು ಈ ನ್ಯಾಯವನ್ನು ಸ್ಮರಿಸುತ್ತಾರೆ. ಮೂವತ್ತು ವರ್ಷಗಳ ಕಾಲ ಇದನ್ನು ಹುಡುಗರಿಗೆ ಹೇಳಿಕೊಟ್ಟ ನಾವು, ಎರಡು ಕಡೆಗೂ ಬೆಳಗುವುದು ದೀಪದ ಗುಣವೆಂದೇ ನಂಬಿದ್ದೆವು. ಅದು ದೋಷವೂ ಆಗಬಹುದೆಂಬುದನ್ನು ನಮಗೆ ಕಲಿಸಿದವಳು ನಮ್ಮ ತಂಗಿ. ಅದೂ ಈ ಮುಪ್ಪಿನ ಕಾಲದಲ್ಲಿ.

ಆಕೆ ಗಂಡನನ್ನು ಕಳೆದುಕೊಂಡ ಮೇಲೆ ಹೊಲಿಗೆಯ ಯಂತ್ರವೊಂದನ್ನು ನಂಬಿ ಸಂಸಾರ ನಡೆಸಿದವಳು. ಮಗಳ ಮಗಳೊಬ್ಬಳು ಆಕೆಯ ಬಳಿಯಲ್ಲಿಯೇ ಇದ್ದು ಶಾಲೆಗೆ ಹೋಗುತ್ತಾಳೆ. ಮನೆಯಲ್ಲಿ ಅಡುಗೆಯ ಕೋಣೆಯನ್ನು ಬಿಟ್ಟರೆ ಇರುವುದು ಒಂದೇ ಕೋಣೆ. ಹಗಲು ಅದು ಅಂಗಡಿ, ರಾತ್ರಿ ಮಲಗುವ ಮನೆ. ಮದುವೆಯ ಕಾಲ ಬಂದಿತೆಂದರೆ ರವಿಕೆಗಳ ರಾಶಿ ಬೀಳುತ್ತದೆ. ರಾತ್ರಿ ಹನ್ನೊಂದರವರೆಗೂ ಯಂತ್ರವನ್ನು ತುಳಿಯಬೇಕಾಗುತ್ತದೆ. ಕಳೆದ ವೈಶಾಖದಲ್ಲಿ ಆಕೆ ಕಪ್ಪು ಬಟ್ಟೆಯ ಮೇಲೆ ಹಾಕಿದ ಕಪ್ಪು ದಾರದ ಹೊಲಿಗೆ ವಕ್ರವಾಗಿ, ಗಿರಾಕಿಯೊಬ್ಬರು ರವಿಕೆಯನ್ನು ಹಿಂದಕ್ಕೆ ಕೊಟ್ಟರು. ಅದಾದ ನಾಲ್ಕನೆಯ ದಿನ ಸೂಜಿಯು ಆಕೆಯ ತೋರುಬೆರಳಿನ ಉಗುರಿನೊಳಗೆ ಇಳಿಯಿತು. ಕಣ್ಣಿನ ವೈದ್ಯರಿಗೆ ತೋರಿಸಲಾಗಿ, ಪೊರೆ ಆರಂಭವಾಗಿದೆ, ಶಸ್ತ್ರಕ್ರಿಯೆಗೆ ಇನ್ನೂ ಅವಸರವಿಲ್ಲ, ಅಲ್ಲಿಯವರೆಗೆ ಒಳ್ಳೆಯ ಬೆಳಕಿನಲ್ಲಿ ಕೆಲಸ ಮಾಡತಕ್ಕದ್ದು ಎಂದರು. ಆಕೆ ಮನೆಗೆ ಬಂದವಳೇ, "ಅಣ್ಣಾ, ಈ ಮಿಷನ್ನನ್ನು ಯಾರಿಗಾದರೂ ಕೊಡಿಸಿಬಿಡು" ಎಂದಳು. ಯಂತ್ರ ಹೋದರೆ ಆಕೆಯ ಅನ್ನವೂ ಮಗುವಿನ ಶಾಲೆಯ ಶುಲ್ಕವೂ ಎಲ್ಲಿಂದ ಬರಬೇಕು? ನಾವು ಕೊಟ್ಟರೆ ಆಕೆ ಮುಟ್ಟುವವಳಲ್ಲ.

ನಾವು ಮಾಡಿದ ಮೊದಲನೆಯ ಕೆಲಸ ಅವಿವೇಕದ್ದು. ಪೇಟೆಗೆ ಹೋಗಿ ಅಲ್ಲಿದ್ದ ದೀಪಗಳಲ್ಲೆಲ್ಲ ಅತ್ಯಂತ ಪ್ರಖರವಾದುದನ್ನು ಆರಿಸಿ ತಂದೆವು. ಮೇಜಿಗೆ ಕಚ್ಚಿಕೊಳ್ಳುವ, ನೀಲಿ ಛಾಯೆಯ ಬಿಳಿ ಬೆಳಕಿನ ಎಲ್.ಇ.ಡಿ. ದೀಪ ಅದು. ಆಕೆ ಐದು ನಿಮಿಷ ಕುಳಿತು, "ದೀಪ ಬೇಕೆಂದರೆ ಸೂರ್ಯನನ್ನೇ ತಂದು ಕಣ್ಣೆದುರು ಕೂರಿಸಿದೆಯಲ್ಲಣ್ಣ. ದೀಪ ಕಾಣುತ್ತದೆ, ಬಟ್ಟೆ ಕಾಣುವುದಿಲ್ಲ" ಎಂದಳು. ಈ ಒಂದು ಮಾತಿನಲ್ಲಿ ವಿಷಯವೆಲ್ಲ ಅಡಗಿದೆ.

ವಯಸ್ಸಾದ ಕಣ್ಣಿಗೆ ಬೆಳಕು ಹೆಚ್ಚು ಬೇಕೆಂಬುದು ನಿಜ. ಪಾಪೆ ಕಿರಿದಾಗುತ್ತದೆ, ಒಳಗಣ ಮಸೂರ ಹಳದಿಯಾಗುತ್ತದೆ. ಇಪ್ಪತ್ತರ ತರುಣನ ಕಣ್ಣಿನ ಒಳಪಟಲವನ್ನು ಮುಟ್ಟುವ ಬೆಳಕಿನಲ್ಲಿ ಸುಮಾರು ಮೂರನೆಯ ಒಂದು ಪಾಲು ಮಾತ್ರ ಅರವತ್ತರವನಿಗೆ ದೊರೆಯುತ್ತದೆ. ಆದರೆ ಪೊರೆಯುಳ್ಳ ಮಸೂರವು ಮಂಜು ಹಿಡಿದ ಕಿಟಕಿಯ ಗಾಜಿನಂತೆ. ದೀಪದ ಕಿರಣವು ನೇರವಾಗಿ ಅದರ ಮೇಲೆ ಬಿದ್ದರೆ ಅಲ್ಲಿಯೇ ಚೆದರಿ ಒಳಗೆಲ್ಲ ಬಿಳಿಯ ತೆರೆಯನ್ನು ಹರಡುತ್ತದೆ. ಬಟ್ಟೆಯ ಚಿತ್ರ ಆ ತೆರೆಯ ಹಿಂದೆ ಮಾಸಿಹೋಗುತ್ತದೆ. ಹೀಗಾಗಿ ಇಂಥವರಿಗೆ ವಸ್ತುವಿನ ಮೇಲೆ ಬೆಳಕು ಹೆಚ್ಚಬೇಕು, ಕಣ್ಣಿನ ಮೇಲೆ ಬೀಳುವುದು ತಗ್ಗಬೇಕು. ಹೊಸ್ತಿಲ ದೀಪಕ್ಕೆ ನೇರ ವಿರುದ್ಧವಾದ ದೀಪ.

ಹಿಂದಿನವರಿಗೆ ಇದು ತಿಳಿಯದಿರಲಿಲ್ಲ. ನಾವು ಚಿಕ್ಕವರಾಗಿದ್ದಾಗ ಲಾಟೀನಿನ ತಂತಿಗೂ ಗಾಜಿಗೂ ನಡುವೆ ಹಳೆಯ ಕಾರ್ಡೊಂದನ್ನು ಸಿಕ್ಕಿಸಿ, ಓದುವವರ ಮುಖಕ್ಕೆ ನೆರಳು ಮಾಡುತ್ತಿದ್ದರು. ಅಂಚು ಕಂದಿದ ಆ ಕಾರ್ಡು ನಮ್ಮ ಮನೆಯ ಲಾಟೀನಿನ ಅಂಗವೇ ಆಗಿತ್ತು. ಐರೋಪ್ಯ ದೇಶಗಳಲ್ಲಿ ಲೇಸು ಹೆಣೆಯುವ ಹೆಂಗಸರು ಒಂದು ಮೇಣದ ಬತ್ತಿಯ ಸುತ್ತ ನೀರು ತುಂಬಿದ ಗಾಜಿನ ಬುರುಡೆಗಳನ್ನು ಇಟ್ಟುಕೊಳ್ಳುತ್ತಿದ್ದರು. ಒಂದೊಂದು ಬುರುಡೆಯೂ ಮಸೂರದಂತೆ ಬತ್ತಿಯ ಬೆಳಕನ್ನು ಒಬ್ಬೊಬ್ಬಳ ಕೆಲಸದ ಮೇಲೆ ಬೀಳಿಸುತ್ತಿತ್ತು. ಡೆನ್ಮಾರ್ಕ್ ದೇಶದ ಪೌಲ್ ಹೆನಿಂಗ್‌ಸೆನ್ ಎಂಬವರು 1926ರಲ್ಲಿ ಮೂರು ಮರೆಗಳನ್ನು ಒಂದರ ಮೇಲೊಂದು ಜೋಡಿಸಿದ ದೀಪವನ್ನು ಸಿದ್ಧಪಡಿಸಿದರು. ಮೇಜಿನ ಸುತ್ತ ಕುಳಿತವರಿಗೆ ಬುರುಡೆಯು ಕಾಣಿಸಬಾರದು, ಬೆಳಕು ಮಾತ್ರ ಕಾಣಿಸಬೇಕು ಎಂಬುದು ಅವರ ಹಟ. ಇಂಗ್ಲೆಂಡಿನ ಬಾತ್ ಪಟ್ಟಣದ ಜಾರ್ಜ್ ಕಾರ್ವರ್ಡೀನರು ಮೋಟಾರು ಗಾಡಿಗಳ ಸ್ಪ್ರಿಂಗುಗಳ ವಿಷಯದಲ್ಲಿ ಪಳಗಿದ ಇಂಜಿನಿಯರು. ಅವರು 1932ರಲ್ಲಿ ಪೇಟೆಂಟು ಪಡೆದ ಏರ್ಪಾಟಿನಿಂದ ಆಂಗಲ್‌ಪಾಯಿಸ್ ಎಂಬ ದೀಪ ಹುಟ್ಟಿತು. ನಮ್ಮ ತೋಳಿನ ಸ್ನಾಯುಗಳಂತೆ ಸ್ಪ್ರಿಂಗುಗಳು ಭಾರವನ್ನು ಸರಿತೂಗಿಸುವುದರಿಂದ ಆ ದೀಪ ಒಂದೇ ಬೆರಳಿಗೆ ಬಾಗಿ, ಬಿಟ್ಟಲ್ಲಿಯೇ ನಿಲ್ಲುತ್ತದೆ. ಬಲು ಸೊಗಸಾದ ಯುಕ್ತಿ. ಆದರೆ ಅದು ಮೇಜಿನ ಮೇಲೆ ಕೊಕ್ಕರೆಯಂತೆ ನಿಂತೇ ಇರತಕ್ಕ ದೀಪ. ತಂಗಿಯ ಮನೆಯಲ್ಲಿ ಕೊಕ್ಕರೆಗೆ ಜಾಗವಿಲ್ಲ. ಬೆಳಗಾದರೆ ಆ ಹಲಗೆಯ ಮೇಲೆಯೇ ಬಟ್ಟೆ ಕತ್ತರಿಸಬೇಕು. ದೀಪ ಇರಬೇಕಾದುದು ಯಂತ್ರದ ಮೇಜಿನ ಸೆಳೆಖಾನೆಯಲ್ಲಿ. ಅಳತೆ ಮಾಡಲಾಗಿ ಅದರ ಒಳಗಿನ ಉದ್ದ 11 ಅಂಗುಲ, ಅಗಲ 4, ಆಳ ಎರಡೂವರೆ. ಪದ್ಯ ಬರೆಯುವವನಿಗೆ ಛಂದಸ್ಸು ಹೇಗೋ ನಮಗೆ ಈ ಮೂರು ಅಂಕಿಗಳು ಹಾಗೆ.

ಸುಮಾರು 3 ವಾಟಿನ, ಹಳದಿ ಛಾಯೆಯ ಎಲ್.ಇ.ಡಿ. ಪಟ್ಟಿಯೊಂದನ್ನು 9 ಅಂಗುಲದ ಅಲ್ಯೂಮಿನಿಯಂ ಪಟ್ಟಿಯ ಕೆಳಮೈಗೆ ಅಂಟಿಸಿದೆವು. ಅದಕ್ಕೆ ಎರಡು ಚಪ್ಪಟೆ ತೋಳುಗಳು. ಬಡಗಿಯ ಮಡಚುವ ಅಳತೆಕೋಲಿನಂತೆ ಒಂದರ ಮೇಲೊಂದು ಮಡಚಿಕೊಳ್ಳುತ್ತವೆ. ಬುಡದಲ್ಲಿ ಮೇಜಿನ ಅಂಚನ್ನು ಹಿಡಿಯುವ ಚಿಕ್ಕ ಕ್ಲಾಂಪು. ಕೀಲುಗಳಲ್ಲಿ ಸೈಕಲ್ ಟ್ಯೂಬಿನಿಂದ ಕತ್ತರಿಸಿದ ರಬ್ಬರ್ ಬಿಲ್ಲೆ, ಕೈಯಿಂದಲೇ ತಿರುಗಿಸಬಹುದಾದ ರೆಕ್ಕೆಯ ನಟ್ಟು. ಕಾರ್ವರ್ಡೀನರ ಸ್ಪ್ರಿಂಗಿನ ಕೆಲಸವನ್ನು ನಮ್ಮಲ್ಲಿ ರಬ್ಬರಿನ ಘರ್ಷಣೆ ಮಾಡಬೇಕು. ದೀಪ ಹಗುರವಾದುದರಿಂದ ಅಷ್ಟು ಸಾಕು.

ಮೂರು ವಾಟು ಎಷ್ಟರದು ಎಂದು ಓದುವವರು ಕೇಳಬಹುದು. ಚಿಕ್ಕ ದೀಪದ ಬೆಳಕು ದೂರದ ವರ್ಗಕ್ಕೆ ವಿಲೋಮವಾಗಿ ತಗ್ಗುತ್ತದೆ. ಆರು ಅಡಿ ಎತ್ತರದಲ್ಲಿದ್ದ ದೀಪವನ್ನು ಒಂದು ಅಡಿಗೆ ಇಳಿಸಿದರೆ ಅದೇ ದೀಪ 36 ಪಟ್ಟು ಬೆಳಗುತ್ತದೆ. ವಿದ್ಯುತ್ತಿನ ಖರ್ಚು ಒಂದು ಕಾಸೂ ಹೆಚ್ಚದು. ಸೂರಿಗೆ ಇನ್ನೊಂದು ಕೊಳವೆ ದೀಪ ಹಾಕಿಸುವವರು ಇದನ್ನು ಲೆಕ್ಕ ಹಾಕುವುದೇ ಇಲ್ಲ.

ದೀಪ ಸಿದ್ಧವಾಯಿತು. ತಂಗಿಯ ಕಣ್ಣು ದೀಪಕ್ಕಿಂತ ಆರು ಅಂಗುಲ ಮೇಲಿದ್ದುದರಿಂದ ಆಕೆಗೆ ಪಟ್ಟಿ ಕಾಣಿಸುತ್ತಲೇ ಇರಲಿಲ್ಲ. ಕಪ್ಪು ಬಟ್ಟೆಯ ಎಳೆ ಎಳೆಯೂ ಕಾಣಿಸಿತು. ನಾವು ಹೆಮ್ಮೆಯಿಂದ ಎದ್ದು ಹೊರಡುವಷ್ಟರಲ್ಲಿ ಮೂಲೆಯ ಹಾಸಿಗೆಯಿಂದ ಮಗು, "ಅಜ್ಜಾ, ದೀಪ ನನ್ನನ್ನೇ ನೋಡ್ತಾ ಇದೆ" ಎಂದು ಮುಸುಕೆಳೆದುಕೊಂಡಿತು.

ಆ ಕೋಣೆಯಲ್ಲಿ ಎರಡು ಜೊತೆ ಕಣ್ಣುಗಳಿವೆ ಎಂಬುದನ್ನು ನಾವು ಮರೆತಿದ್ದೆವು. ನೆಲದ ಮೇಲೆ ಮಲಗಿದವಳಿಗೆ ದೀಪದ ಕೆಳಮೈಯೇ ಎದುರು. ನಾವೂ ಆ ಹಾಸಿಗೆಯ ಮೇಲೆ ತಲೆಯಿಟ್ಟು ನೋಡಿದೆವು (ಏಳುವಾಗ ತಂಗಿ ಕೈಕೊಡಬೇಕಾಯಿತು). ಹೌದು, ಸಾಲು ಸಾಲಾಗಿ ಕಿಡಿಗಳು ಕಣ್ಣಿಗೆ ಚುಚ್ಚುತ್ತಿದ್ದವು.

ಮರುದಿನ ಪಟ್ಟಿಯ ಎರಡು ಪಕ್ಕಕ್ಕೂ ಒಂದೂವರೆ ಅಂಗುಲ ಆಳದ ಗೋಡೆಗಳನ್ನು ಕಟ್ಟಿ, ಒಂದು ಅಂಗುಲ ಅಗಲದ ತೊಟ್ಟಿಯನ್ನು ಬೋರಲು ಹಾಕಿದಂತೆ ಮಾಡಿದೆವು. ಕಿಟಕಿ ಚೌಕಟ್ಟು ಮಾಡುವ ಅಂಗಡಿಯವನು ಉಳಿದ ತುಂಡಿನಲ್ಲಿಯೇ ಬಾಗಿಸಿ ಕೊಟ್ಟನು, ಕಾಸು ತೆಗೆದುಕೊಳ್ಳಲಿಲ್ಲ. ಕಿಡಿಗಳಿಂದ ಅರ್ಧ ಅಂಗುಲ ಕೆಳಗೆ ಬೆಣ್ಣೆಕಾಗದದ ತೆರೆಯನ್ನು ಹಾಕಿದೆವು. ಇದರಿಂದ ಬಿಡಿ ಬಿಡಿ ಕಿಡಿಗಳು ಒಂದೇ ಮೃದುವಾದ ಪಟ್ಟಿಯಾಗಿ, ಸೂಜಿಯ ನೆರಳಿನ ಅಂಚೂ ಮೆತ್ತಗಾಯಿತು. ತೆರೆಯ ಕೆಳಗೆ ಗೋಡೆ ಒಂದು ಅಂಗುಲ ಉಳಿಯಿತಷ್ಟೆ? ಅಗಲವೂ ಒಂದು ಅಂಗುಲ. ಆದಕಾರಣ ನೇರ ಕೆಳಗಿನ ಗೆರೆಯಿಂದ 45 ಡಿಗ್ರಿಯ ಆಚೆಗೆ ನಿಂತವನಿಗೆ ತೆರೆಯು ಕಾಣಿಸುವಂತಿಲ್ಲ. ಮಗುವಿನ ಹಾಸಿಗೆ ಆರು ಅಡಿ ದೂರ, ದೀಪವು ಮಲಗಿದವಳ ಕಣ್ಣಿಗಿಂತ ಸುಮಾರು ಮೂರು ಅಡಿ ಮೇಲೆ. ಕೋನ 60 ಡಿಗ್ರಿಯನ್ನು ಮೀರುತ್ತದೆ. ಗಣಿತದಲ್ಲಿ ನಾವು ಗೆದ್ದೆವು.

ಕೋಣೆಯಲ್ಲಿ ಮಾತ್ರ ಗೆಲ್ಲಲಿಲ್ಲ. ತೊಟ್ಟಿಯ ಒಳಗೋಡೆ ಹೊಳೆಯುವ ಲೋಹ; ದೀಪ ಕಾಣದಿದ್ದರೂ ಎದುರುಗೋಡೆಯ ಕೆಳಗಿನ ಅರ್ಧ ಅಂಗುಲ ಕನ್ನಡಿಯಂತೆ ಬೆಳಗಿ ದೀಪದ ಕೆಲಸವನ್ನು ತಾನೇ ಮಾಡುತ್ತಿತ್ತು. ತೆರೆದಿದ್ದ ತುದಿಯಿಂದ ಹೊರಟ ಬೆಳಕು ಬೀರುವಿನ ಕನ್ನಡಿಗೆ ಬಡಿದು ಬೇರೆ ಹಿಂದಿರುಗುತ್ತಿತ್ತು. ತುದಿಗಳಿಗೆ ಮರದ ಬಿರಟೆ ಹೊಡೆದೆವು. ಒಳಗೋಡೆಗೆ ಏನು ಬಳಿಯುವುದೆಂದು ಯೋಚಿಸುತ್ತಿರುವಾಗ, ಒಂದು ಆಯುಸ್ಸಿನ ಕಾಲ ನಾವು ಬೆನ್ನು ಮಾಡಿ ನಿಂತ ವಸ್ತುವೇ ನೆನಪಾಯಿತು: ಶಾಲೆಯ ಕಪ್ಪುಹಲಗೆ. ಕೊನೆಯ ಬೆಂಚಿನ ಹುಡುಗನಿಗೂ ಮಿರುಗದೆ ಅಕ್ಷರ ಕಾಣಬೇಕೆಂದೇ ಆ ಬಣ್ಣದಲ್ಲಿ ಹೊಳಪನ್ನು ಕೊಂದಿರುತ್ತಾರೆ. ಅದನ್ನು ಗೋಡೆಯ ಕೆಳ ಅರ್ಧಕ್ಕೆ ಬಳಿದೆವು. ಮೇಲರ್ಧ ಬೆಳ್ಳಗೇ ಉಳಿಯಿತು. ಅಂದು ರಾತ್ರಿ ಮಗು ಏನೂ ಹೇಳದೆ ನಿದ್ದೆಹೋಯಿತು.

ಇನ್ನು ದೀಪವನ್ನು ಎಲ್ಲಿ ನಿಲ್ಲಿಸುವುದು ಎಂಬ ವಿಚಾರ. ಕೊಂಡುತಂದ ದೀಪವುಳ್ಳವರಿಗೂ ಇದು ಉಪಯೋಗ. ಯಂತ್ರದ ತಲೆ ಬಲಗಡೆ ಇರುವುದರಿಂದ ಬಲದ ಬೆಳಕು ಸೂಜಿಗೆ ತಲುಪದು. ನೇರ ಎದುರಿನಲ್ಲಿಟ್ಟರೆ ಉಕ್ಕಿನ ಪಾದವೂ ಹಲಗೆಯೂ ಮಿಂಚಿ ಕಣ್ಣಿಗೇ ಹೊಡೆಯುತ್ತವೆ. ಬಿದ್ದ ಕೋನದಲ್ಲಿಯೇ ಕಿರಣ ಹಿಂದಿರುಗುವುದಷ್ಟೆ. ಎಡಗಡೆಯೇ ಸರಿ. ಎಷ್ಟು ಎಡಕ್ಕೆ ಎಂಬುದಕ್ಕೆ ಒಂದು ಸುಲಭ ಪರೀಕ್ಷೆಯುಂಟು. ಕೆಲಸ ಮಾಡುವ ಜಾಗದಲ್ಲಿ ಕುಂಕುಮದ ಡಬ್ಬಿಯ ಕನ್ನಡಿಯನ್ನು ಮಲಗಿಸಿ, ತಮ್ಮ ಸ್ಥಳದಲ್ಲಿ ಕುಳಿತು ನೋಡತಕ್ಕದ್ದು. ಕನ್ನಡಿಯಲ್ಲಿ ದೀಪ ಕಂಡರೆ ಹೊಳಪು ಬಂದೇ ಬರುತ್ತದೆ. ಕಾಣದಾಗುವವರೆಗೆ ದೀಪವನ್ನು ಸರಿಸಬೇಕು. ನುಣುಪು ಕಾಗದದ ಪುಸ್ತಕ ಓದುವವರಿಗೂ ಇದೇ ಕ್ರಮ.

ಮತ್ತೊಂದು ಪರೀಕ್ಷೆ ಪೆನ್ಸಿಲಿನದು. ದೀಪದ ಕೆಳಗೆ ಪೆನ್ಸಿಲನ್ನು ಬೇಗ ಬೇಗ ಬೀಸಿದಾಗ ಹತ್ತಾರು ಪೆನ್ಸಿಲುಗಳು ಬಿಡಿಬಿಡಿಯಾಗಿ ಕಂಡರೆ ಆ ದೀಪ ಮಿಣುಕುತ್ತಿದೆ ಎಂದರ್ಥ. ನಮ್ಮ ವಿದ್ಯುತ್ತು ಸೆಕೆಂಡಿಗೆ 100 ಸಲ ದಿಕ್ಕು ಬದಲಿಸುವುದರಿಂದ ಕೀಳು ತರದ ದೀಪಗಳು 100 ಸಲ ಮಂಕಾಗಿ ಬೆಳಗುತ್ತವೆ. ಅಂಥ ಬೆಳಕಿನಲ್ಲಿ ಓಡುವ ಸೂಜಿ ಒಂದು ಹಲವಾಗಿ ತೋರಿ ಬೆರಳಿಗೆ ಅಪಾಯ. ನಾವು ತಂದ ಮೊದಲಿನ ದೀಪವನ್ನು ಹೀಗೆ ಪರೀಕ್ಷಿಸಲು ಪೆನ್ಸಿಲು ಬೀಸಣಿಗೆಯಾಯಿತು! ಮಡಚುವ ದೀಪಕ್ಕೆ ನಾವು ಪವರ್ ಬ್ಯಾಂಕಿನಿಂದ ಶಕ್ತಿ ಕೊಟ್ಟಿರುವುದರಿಂದ ಆ ತೊಂದರೆಯಿಲ್ಲ. ಕರೆಂಟು ಹೋದರೂ ಕೆಲಸ ನಿಲ್ಲದು. 10,000 ಮಿಲಿಆಂಪಿಯರ್ ಗಂಟೆಯ ಪೆಟ್ಟಿಗೆಯಲ್ಲಿ 37 ವಾಟ್-ಗಂಟೆ ಇದ್ದರೂ ಪರಿವರ್ತನೆಯಲ್ಲಿ ಒಂದಷ್ಟು ನಷ್ಟವಾಗುತ್ತದೆ; 25 ದಕ್ಕಿತೆಂದು ಹಿಡಿದರೂ ಎಂಟು ಗಂಟೆ. ಆ ಪೆಟ್ಟಿಗೆಯನ್ನು ಮಾತ್ರ ಕತ್ತರಿ ಸೂಜಿಗಳೊಡನೆ ಸೆಳೆಖಾನೆಯಲ್ಲಿ ಇಡತಕ್ಕದ್ದಲ್ಲ, ಬಟ್ಟೆಯ ರಾಶಿಯಲ್ಲಿ ಹೂತು ಚಾರ್ಜಿಗೆ ಹಾಕತಕ್ಕದ್ದೂ ಅಲ್ಲ. ಅದು ಗೂಟದಲ್ಲಿ ಚೀಲದೊಳಗಿರಲಿ. ಕೆಲಸದ ಜಾಗವೊಂದು ಬೆಳಗಿ ಕೋಣೆಯೆಲ್ಲ ಕಗ್ಗತ್ತಲಾದರೆ ತಲೆಯೆತ್ತಿದಾಗಲೆಲ್ಲ ಕಣ್ಣು ದಣಿಯುತ್ತದೆಯಾದ್ದರಿಂದ, ಬೀರುವಿನ ಹಿಂದೆ ಒಂದು ಸಣ್ಣ ದೀಪವನ್ನು ಉರಿಯಲು ಬಿಟ್ಟಿದ್ದೇವೆ.

ವಾರ ಕಳೆದ ಮೇಲೆ ಒಂದು ದೂರು ಬಂದಿತು. ಯಂತ್ರದ ಅದುರಿಗೆ ರೆಕ್ಕೆಯ ನಟ್ಟು ಸಡಿಲವಾಗಿ, ಮಧ್ಯಾಹ್ನದ ಪಾಠದಲ್ಲಿ ತೂಕಡಿಸುವ ಹುಡುಗನಂತೆ ದೀಪವು ಮೆಲ್ಲಮೆಲ್ಲನೆ ತಲೆ ಬಾಗಿಸಿ ಬಟ್ಟೆಯ ಮೇಲೆ ಮಲಗುತ್ತಿತ್ತು. ನಟ್ಟಿನ ಕೆಳಗೆ ಸ್ಪ್ರಿಂಗ್ ವಾಷರು ಹಾಕಿದ ಮೇಲೆ ನೆಟ್ಟಗಾಯಿತು. ಸ್ಪ್ರಿಂಗಿಲ್ಲದೆ ಗೆದ್ದೆವೆಂದು ಬೀಗಿದ ನಾವು ಕಡೆಗೂ ಒಂದು ಸುತ್ತು ಸ್ಪ್ರಿಂಗನ್ನು ಕೊಳ್ಳಬೇಕಾಯಿತು.

ಪೊರೆಯನ್ನು ದೀಪ ಕರಗಿಸಲಾರದು. ಶಸ್ತ್ರಕ್ರಿಯೆಯ ದಿನ ಬಂದೇ ಬರುತ್ತದೆ. ಆಕೆ ಅದಕ್ಕೆ ಒಪ್ಪಿಯೂ ಇದ್ದಾಳೆ, ಈ ಹಬ್ಬದ ಕೆಲಸ ಮುಗಿಯಲಿ ಎನ್ನುತ್ತಾಳೆ. ಮಿಷನ್ನನ್ನು ಕೊಡಿಸಿಬಿಡೆಂಬ ಮಾತು ಮತ್ತೆ ಬಂದಿಲ್ಲ. ಹಿಂದಕ್ಕೆ ಬಂದಿದ್ದ ಕಪ್ಪು ರವಿಕೆಯನ್ನು ಆಕೆಯೇ ಬಿಚ್ಚಿ, ಮತ್ತೆ ಹೊಲಿದು, ಗಿರಾಕಿಯ ಮನೆಗೆ ಹೋಗಿ ಕೊಟ್ಟುಬಂದಳು. ಈಗಿನ ತಕರಾರು ಬೇರೆ: ದೀಪವು ಸೆಳೆಖಾನೆಯನ್ನೆಲ್ಲ ಆಕ್ರಮಿಸಿದ್ದರಿಂದ ಬಾಬಿನ್ನುಗಳಿಗೂ ಸೀಮೆಸುಣ್ಣಕ್ಕೂ ಜಾಗವಿಲ್ಲವಾಯಿತಂತೆ. ನಮ್ಮ ಹಳೆಯ ಕಂಪಾಸು ಪೆಟ್ಟಿಗೆಯನ್ನು ಅದಕ್ಕೆಂದು ಕೊಟ್ಟುಬಂದಿದ್ದೇವೆ.