ಮಸೀದಿಯ ರಶೀದಿ ಬರುತ್ತದೆ, ಕಾಲೇಜಿನದು ಯಾಕೆ ಬರುವುದಿಲ್ಲ?

ಶುಕ್ರವಾರ ಬಂತೆಂದರೆ ಗಲ್ಫಿನಲ್ಲಿರುವ ನಮ್ಮವರ ಮೊಬೈಲಿಗೆ ವಾಟ್ಸ್ಆ್ಯಪ್ ಸಂದೇಶಗಳ ಸಾಲು. ಮಸೀದಿಯ ಮೇಲಿನ ಮಾಳಿಗೆಗೆ ಸ್ಲ್ಯಾಬ್, ಮದ್ರಸಕ್ಕೆ ಬೆಂಚು, ಯತೀಮ್ ಹುಡುಗಿಯ ಮದುವೆ, ಡಯಾಲಿಸಿಸ್‌ನಲ್ಲಿರುವ ಕಾಕನ ಚಿಕಿತ್ಸೆ. ರೂಮಿನಲ್ಲಿ ಆರು ಜನ ಇದ್ದರೆ ಆರೂ ಜನ ಕೊಡುತ್ತಾರೆ. ಸಂಬಳ ತಡವಾದ ತಿಂಗಳಲ್ಲೂ ಐವತ್ತು ದಿರ್ಹಮ್ ತೆಗೆದಿಡುತ್ತಾರೆ. ಕೊಡುವ ವಿಷಯದಲ್ಲಿ ಬ್ಯಾರಿಗಳಿಗೆ ಯಾರೂ ಪಾಠ ಹೇಳಬೇಕಾಗಿಲ್ಲ.

ಆದರೂ ಒಂದು ಪ್ರಶ್ನೆ. ವೀಸಾಕ್ಕೆಂದು ಅಟೆಸ್ಟೇಶನ್ ಮಾಡಿಸಿದ ನಮ್ಮ ಡಿಗ್ರಿ ಸರ್ಟಿಫಿಕೇಟನ್ನು ಒಮ್ಮೆ ತೆಗೆದು ನೋಡೋಣ. ಅದರ ಮೇಲೆ ಕ್ಯಾಲಿಕಟ್, ಕಣ್ಣೂರು ಅಥವಾ ಮಂಗಳೂರು ವಿಶ್ವವಿದ್ಯಾನಿಲಯದ ಮುದ್ರೆ ಇದೆ. ಕಲಿತದ್ದು ಕಾಸರಗೋಡು ಸರಕಾರಿ ಕಾಲೇಜಿನಲ್ಲೋ, ಮಂಜೇಶ್ವರದ ಗೋವಿಂದ ಪೈ ಸ್ಮಾರಕ ಸರಕಾರಿ ಕಾಲೇಜಿನಲ್ಲೋ, ಗಡಿ ದಾಟಿ ಮಂಗಳೂರಿನಲ್ಲೋ. ಆ ಕಾಗದವೇ ನಮ್ಮನ್ನು ಹೆಲ್ಪರ್ ಕೆಲಸದಿಂದ ಅಕೌಂಟ್ಸ್ ವಿಭಾಗದ ಕುರ್ಚಿಗೆ ಏರಿಸಿತು. ಆ ಕಾಲೇಜಿಗೆ ನಾವು ತಿರುಗಿ ಏನು ಕೊಟ್ಟಿದ್ದೇವೆ? ನನ್ನನ್ನೂ ಸೇರಿಸಿ ಹೇಳುತ್ತೇನೆ, ಹೆಚ್ಚಿನವರ ಉತ್ತರ ಒಂದೇ: ಏನೂ ಇಲ್ಲ.

ಹೊರದೇಶಕ್ಕೆ ಹೋದವರು ಕಲಿತ ಸಂಸ್ಥೆಗೆ ಕೊಡುವುದು ಹೊಸದಲ್ಲ. 1970ರಲ್ಲಿ ಮದ್ರಾಸ್ ಐಐಟಿಯಿಂದ ಎಂ.ಟೆಕ್. ಪಡೆದು ಅಮೆರಿಕಕ್ಕೆ ಹೋದ ಉದ್ಯಮಿ ಕೃಷ್ಣ ಚಿವುಕುಲ 2024ರಲ್ಲಿ ಆ ಸಂಸ್ಥೆಗೆ 228 ಕೋಟಿ ರೂಪಾಯಿ ಕೊಟ್ಟರು. ಅಷ್ಟು ಹಣ ನಮ್ಮಲ್ಲಿಲ್ಲ, ನಿಜ. ಆದರೆ ಐಐಟಿಗಳಿಗೆ ಹಣ ಬರುವುದಕ್ಕೆ ಹಳೆಯ ವಿದ್ಯಾರ್ಥಿಗಳು ಶ್ರೀಮಂತರು ಎನ್ನುವುದೊಂದೇ ಕಾರಣವಲ್ಲ. ಅಲ್ಲಿ ಕೇಳುವವರಿದ್ದಾರೆ. ಹಳೆಯ ವಿದ್ಯಾರ್ಥಿಗಳ ಹೆಸರು, ವಿಳಾಸ ಇಟ್ಟುಕೊಳ್ಳುವ ಕಚೇರಿ ಇದೆ, ಕೊಟ್ಟ ಹಣ ಎಲ್ಲಿಗೆ ಹೋಯಿತೆಂದು ತಿಳಿಸುವ ಪದ್ಧತಿ ಇದೆ. ನಮ್ಮ ಮಸೀದಿ ಕಮಿಟಿ ಮಾಡುವುದೂ ಅದನ್ನೇ. ಕೇಳುವವರಿದ್ದಲ್ಲಿಗೆ ಹಣ ಹರಿಯುತ್ತದೆ. ಗಡಿನಾಡಿನ ಸರಕಾರಿ ಕಾಲೇಜಿನ ಪರವಾಗಿ ನಮ್ಮ ರೂಮಿನ ಬಾಗಿಲು ತಟ್ಟಿದವರು ಯಾರೂ ಇಲ್ಲ.

ಹಣ ಕಡಿಮೆ ಇದ್ದವರ ಉದಾಹರಣೆಯೂ ಇದೆ. ಸರ್ ಸಯ್ಯಿದ್ ಅಹ್ಮದ್ ಖಾನ್ 1875ರಲ್ಲಿ ಆರಂಭಿಸಿದ ಅಲಿಗಢದ ಸಂಸ್ಥೆಯಲ್ಲಿ, 1890ರ ಸುಮಾರಿಗೆ ವಿದ್ಯಾರ್ಥಿಗಳೇ ‘ಡ್ಯೂಟಿ ಸೊಸೈಟಿ’ ಕಟ್ಟಿದರು. ರಜೆಯಲ್ಲಿ ಊರೂರು ತಿರುಗಿ, ಬಡ ಸಹಪಾಠಿಗಳ ಓದಿಗೆ ಚಂದಾ ಎತ್ತಿದರು. ಇಂದಿಗೂ ಅಕ್ಟೋಬರ್ 17ರಂದು ಅಲಿಗಢದ ಹಳೆಯ ವಿದ್ಯಾರ್ಥಿಗಳು ಗಲ್ಫಿನಲ್ಲೂ ಅಮೆರಿಕದಲ್ಲೂ ಒಟ್ಟು ಸೇರುತ್ತಾರೆ.

“ಸರಕಾರಿ ಕಾಲೇಜಿಗೆ ಸರಕಾರವೇ ಕೊಡಲಿ” ಎನ್ನುವವರಿದ್ದಾರೆ. ಕಟ್ಟಡ, ಸಂಬಳ ಸರಕಾರದ್ದೇ ಹೊಣೆ, ಅದನ್ನು ಕೇಳಿ ಪಡೆಯಲೇಬೇಕು. ಆದರೆ ಉಪ್ಪ ತೀರಿಹೋದ ವರ್ಷ ಪರೀಕ್ಷಾ ಫೀಸು ಕಟ್ಟಲಾಗದ ಹುಡುಗಿಗೆ ಸರಕಾರದ ಆದೇಶ ಬರುವಷ್ಟರಲ್ಲಿ ಪರೀಕ್ಷೆ ಮುಗಿದಿರುತ್ತದೆ. ಕನ್ನಡ ಮಾಧ್ಯಮದಲ್ಲಿ ಕಲಿತು ಬಂದವನಿಗೆ ಡಿಗ್ರಿಯಲ್ಲಿ ಇಂಗ್ಲಿಷ್ ತರಬೇತಿ ಬೇಕು. ಕೇರಳ ಪಿಎಸ್‌ಸಿಯಲ್ಲಿ ಕನ್ನಡ, ಮಲಯಾಳ ಎರಡೂ ಬಲ್ಲವರಿಗೆಂದು ಇರುವ ಕ್ಲರ್ಕ್ ಹುದ್ದೆಗಳಿಗೆ ಕೋಚಿಂಗ್ ಬೇಕು. ಇಂಥ ಸಣ್ಣ ಹಣವೇ ಸಮಯಕ್ಕೆ ಸಿಗದೆ ಓದು ನಿಲ್ಲುವುದು.

ಒಮ್ಮೆ ಕೊಟ್ಟು, ಕಲ್ಲಿನ ಮೇಲೆ ಹೆಸರು ಕೆತ್ತಿಸಿ ಮರೆಯುವುದರಿಂದ ಇದು ಆಗುವುದಿಲ್ಲ. ವರ್ಷ ವರ್ಷವೂ ಬರುವ ಹಣ ಬೇಕು. ಹಾರ್ವರ್ಡ್ ವಿಶ್ವವಿದ್ಯಾನಿಲಯದ ದತ್ತಿನಿಧಿ 2024ರಲ್ಲಿ 5,300 ಕೋಟಿ ಡಾಲರ್ ದಾಟಿತ್ತು. ಮೂಲಧನ ಮುಟ್ಟದೆ ಆದಾಯದಿಂದ ನಡೆಸುವ ಈ ಉಪಾಯ ನಮಗೆ ಗೊತ್ತಿಲ್ಲದ್ದೇ? ಮಸೀದಿಯ ಮುಂದಿನ ಅಂಗಡಿ ಸಾಲಿನ ಬಾಡಿಗೆಯಿಂದ ಉಸ್ತಾದರ ಸಂಬಳ ಕೊಡುವುದು ಇದೇ ತಾನೇ? ಕೈರೋದ ಅಲ್-ಅಝ್ಹರ್ ಶತಮಾನಗಳ ಕಾಲ ನಡೆದದ್ದೂ ವಕ್ಫ್ ಆದಾಯದಿಂದ. ನೂರು ಜನ ಹಳೆಯ ವಿದ್ಯಾರ್ಥಿಗಳು ಸೇರಿ ಕಾಸರಗೋಡಿನಲ್ಲೋ ಉಪ್ಪಳದಲ್ಲೋ ಒಂದು ಅಂಗಡಿ ಕೋಣೆ ತೆಗೆದು ಟ್ರಸ್ಟಿಗೆ ಬಿಟ್ಟರೆ, ಬಡ್ಡಿಯ ಗೊಡವೆ ಇಲ್ಲದೆ ಬಾಡಿಗೆ ಬರುತ್ತದೆ. ನಾವು ಸತ್ತ ಮೇಲೂ ನಿಲ್ಲದ ಸದಖ, ಪ್ರಯೋಜನಕ್ಕೆ ಬರುವ ವಿದ್ಯೆ, ಎರಡೂ ಒಂದೇ ಕೆಲಸದಲ್ಲಿ ಸೇರಿದವು.

ವಿದೇಶದಿಂದ ಹಣ ಕಳುಹಿಸಿದರೆ ಎಫ್‌ಸಿಆರ್‌ಎ ಕಾನೂನಿನ ತೊಂದರೆ ಆಗುವುದಿಲ್ಲವೇ ಎಂದು ಹೆದರುವವರು ತಿಳಿದುಕೊಳ್ಳಬೇಕಾದ ವಿಷಯವಿದೆ. ಭಾರತದ ಪೌರನು ಹೊರದೇಶದಲ್ಲಿದ್ದು, ತನ್ನ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಟ್ಟದ್ದು ವಿದೇಶಿ ದೇಣಿಗೆ ಎನಿಸುವುದಿಲ್ಲ. ಗಲ್ಫಿನಲ್ಲಿರುವ ನಮ್ಮಲ್ಲಿ ಹೆಚ್ಚಿನವರ ಕೈಯಲ್ಲಿ ಭಾರತದ ಪಾಸ್‌ಪೋರ್ಟೇ ಇದೆ. ಅಮೆರಿಕ, ಕೆನಡಾದ ಪೌರತ್ವ ಪಡೆದವರ ಲೆಕ್ಕ ಬೇರೆ. ಒಸಿಐ ಕಾರ್ಡ್ ಇದ್ದರೂ ಅವರ ಹಣ ವಿದೇಶಿ ದೇಣಿಗೆಯೇ, ಪಡೆಯುವ ಟ್ರಸ್ಟಿಗೆ ಎಫ್‌ಸಿಆರ್‌ಎ ನೋಂದಣಿ ಬೇಕು. ಇನ್ನು, ಊರಿಗೆ ಬರುವವನ ಕೈಯಲ್ಲಿ ನಗದು ಕೊಟ್ಟು ಕಳುಹಿಸುವ ಅಭ್ಯಾಸ ಇಲ್ಲಿ ಬೇಡವೇ ಬೇಡ. ವರ್ಷಕ್ಕೊಮ್ಮೆ ಲೆಕ್ಕಪತ್ರವನ್ನು ಎಲ್ಲರ ಮುಂದಿಡಬೇಕು. ಅನುಮಾನ ಹುಟ್ಟಿದ ದಿನ ಚಂದಾ ನಿಲ್ಲುತ್ತದೆ.

ಕೊನೆಯದಾಗಿ, ಈ ಹಣ ನಮ್ಮ ಮಕ್ಕಳಿಗೆ ಮಾತ್ರವೇ? ಝಕಾತ್‌ಗೆ ಅದರದ್ದೇ ಹಕ್ಕುದಾರರಿದ್ದಾರೆ, ಅದರ ಲೆಕ್ಕ ಬೇರೆಯೇ ಇರಲಿ, ಸಂಶಯ ಬಂದರೆ ಉಸ್ತಾದರನ್ನು ಕೇಳೋಣ. ಸದಖ ಮಾತ್ರ ಆ ಕಾಲೇಜಿನ ಯಾವ ಬಡ ಮಗುವಿಗೂ ಸಲ್ಲಲಿ. ನಮಗೆ ಕಲಿಸಿದ ಮೇಷ್ಟ್ರುಗಳು ನಮ್ಮ ಜಮಾಅತ್ ಯಾವುದೆಂದು ಕೇಳಿ ಪಾಠ ಮಾಡಲಿಲ್ಲ.

ಮುಂದಿನ ರಜೆಗೆ ಊರಿಗೆ ಬಂದಾಗ ಮದುವೆ, ಸತ್ಕಾರಗಳ ನಡುವೆ ಒಂದು ಬೆಳಿಗ್ಗೆ ಬಿಡುವು ಮಾಡಿ ಕಾಲೇಜಿಗೆ ಹೋಗೋಣ. ಪ್ರಿನ್ಸಿಪಾಲರ ಎದುರು ಕುಳಿತು, ಈ ವರ್ಷ ಫೀಸು ಕಟ್ಟಲಾಗದೆ ಬಿಟ್ಟವರು ಎಷ್ಟು ಜನ ಎಂದು ಕೇಳೋಣ. ಮೊದಲ ರಶೀದಿ ಅಲ್ಲಿಯೇ ಹರಿಯಲಿ.