ಟೋನ್ ಕೊಳ್ಳೋ ಮೊದಲು ಚೌಡಕಿ ಕೇಳಿ

ನಮ್ಮ ಝಳಕಿ, ಇಂಡಿ, ಚಡಚಣ ಕಡೆ ಮದುವೆ ಆರ್ಕೆಸ್ಟ್ರಾ ಇರಲಿ, ಜಾತ್ರೆಯ ರಸಮಂಜರಿ ಇರಲಿ, ಈಗ ಕೀಬೋರ್ಡ್ ಇಲ್ಲದೆ ನಡೆಯೋದು ಕಡಿಮೆ. ನುಡಿಸೋ ಹುಡುಗರ ಕೈಚಳಕದ ಬಗ್ಗೆ ಎರಡು ಮಾತಿಲ್ಲ. ಆದ್ರೆ ಸದ್ದು? ಎಲ್ಲಿ ಹೋದ್ರೂ ಅದೇ ಶಹನಾಯಿ, ಅದೇ ಕೊಳಲು! ಒಂದೋ ಕಂಪನಿಯವರು ತುಂಬಿಕೊಟ್ಟದ್ದು, ಇಲ್ಲಾ ಪೆನ್‌ಡ್ರೈವಿನಲ್ಲಿ ಕೊಂಡು ತಂದದ್ದು. ಸಿಂಥಸೈಜರ್ ಕೈಗೆ ಬಂದ ಹೊಸದರಲ್ಲಿ ಒಂದಾದ್ರೂ ಸದ್ದನ್ನ ನಾವೇ ಕಟ್ಟಬೇಕು ಅನ್ನೋದು ನನ್ನ ವಾದ.

ಇದು ನಮ್ಮೂರಿನ ರೋಗ ಮಾತ್ರ ಅಲ್ಲ ಬಿಡಿ. 1983ರಲ್ಲಿ ಯಮಹಾ ಡಿಎಕ್ಸ್7 ಬಂದಾಗಲೂ ಹೀಗೇ ಆಯ್ತು. ಪ್ರೋಗ್ರಾಂ ಮಾಡೋದು ತಲೆನೋವು ಅಂತ ಬಹಳಷ್ಟು ಜನ ಅದರೊಳಗಿದ್ದ ಸದ್ದುಗಳನ್ನೇ ನುಡಿಸಿದ್ರು. ಅದರ ಎಲೆಕ್ಟ್ರಿಕ್ ಪಿಯಾನೊ ಆ ದಶಕದ ಎಷ್ಟೋ ಹಾಡುಗಳಲ್ಲಿ ಕೇಳಿ ಕೇಳಿ ಸವೆದುಹೋಯ್ತು.

ಹಾಗಾದ್ರೆ ಶುರು ಎಲ್ಲಿಂದ? ಆಸಿಲೇಟರ್, ಫಿಲ್ಟರ್, ಎನ್ವಲಪ್ ಇರೋ ಯಾವ ಸಿಂತ್ ಆದ್ರೂ ಸರಿ. ಮೊದಲು ರಿವರ್ಬ್, ಕೋರಸ್ ಎಲ್ಲಾ ಬಂದ್ ಮಾಡಿ. ಮಸಾಲೆ ಜಾಸ್ತಿ ಆದ್ರೆ ಕಾಳು ಬೆಂದಿದೆಯೋ ಇಲ್ಲವೋ ಗೊತ್ತಾಗಲ್ಲ. ಒಂದೇ ಆಸಿಲೇಟರ್, ಗರಗಸದ ಹಲ್ಲಿನಂಥ ಸಾಟೂತ್ ತರಂಗ, ಪೂರ್ತಿ ತೆರೆದ ಫಿಲ್ಟರ್. ಇಲ್ಲಿಂದ ಒಂದು ಸಲಕ್ಕೆ ಒಂದೇ ಗುಂಡಿ ತಿರುಗಿಸಿ, ಕೇಳಿ. ಕೋಡ್ ಡಿಬಗ್ ಮಾಡೋರಿಗೆ ಈ ಶಿಸ್ತು ಹೊಸದಲ್ಲ :-)

ಈಗ ಯಲ್ಲಮ್ಮನ ಜೋಗತಿಯರ ಚೌಡಕಿ ನೆನಪಿಸಿಕೊಳ್ಳಿ. ತಂತಿ ಮೀಟಿದ ಕೂಡಲೇ ಸದ್ದು ಪೂರ್ತಿ ಏರುತ್ತೆ, ಅಷ್ಟೇ ಬೇಗ ಇಳಿಯುತ್ತೆ. ಅಂದ್ರೆ ಅಟ್ಯಾಕ್ ಸೊನ್ನೆ, ಡಿಕೇ ಚಿಕ್ಕದು, ಸಸ್ಟೇನ್ ಸೊನ್ನೆ. ತಂತಿ ಬಿಗಿ ಮಾಡಿದಾಗ ಸ್ವರ ಜಾರುತ್ತಲ್ಲ, ಅದಕ್ಕೆ ಪಿಚ್ ಬೆಂಡ್.

ಸನಾದಿಗೆ ಇದರ ಉಲ್ಟಾ. ಉಸಿರು ಇರೋವರೆಗೂ ಸದ್ದು ನಿಲ್ಲಬೇಕು, ಹಾಗಾಗಿ ಸಸ್ಟೇನ್ ಪೂರ್ತಿ. ಅಟ್ಯಾಕ್ ಒಂದು ಕೂದಲೆಳೆಯಷ್ಟು ಮಾತ್ರ. ಸ್ವರದ ನಡುಕ ಎಲ್‌ಎಫ್‌ಓದಿಂದ ಬರಲಿ, ಆದ್ರೆ ಸ್ವರ ಹಿಡಿದ ಸ್ವಲ್ಪ ಹೊತ್ತಿನ ಮೇಲೆ.

ಭಜನೆಯ ಹಾರ್ಮೋನಿಯಂ ಬೇಕಾ? ಅದರ ಮನೆಯನ್ನ ಎಷ್ಟು ಜೋರಾಗಿ ಒತ್ತಿದ್ರೂ ಸದ್ದು ದೊಡ್ಡದಾಗಲ್ಲ, ದೊಡ್ಡದು ಮಾಡೋದು ತಿದಿಯ ಗಾಳಿ. ಹಾಗಾಗಿ ವೆಲಾಸಿಟಿ ಬಂದ್ ಮಾಡಿ, ತಿದಿಯ ಕೆಲಸ ಎಕ್ಸ್‌ಪ್ರೆಷನ್ ಪೆಡಲಿಗೆ ಕೊಡಿ. ಎರಡನೇ ಆಸಿಲೇಟರ್ ಸೇರಿಸಿ ಶ್ರುತಿ ಚೂರು ಸರಿಸಿ. ಒಂದು 440 ಹರ್ಟ್ಸ್, ಇನ್ನೊಂದು 442 ಇದ್ರೆ ಸೆಕೆಂಡಿಗೆ 2 ಸಲ ಸದ್ದು ತೂಗುತ್ತೆ. ಜೋಡಿ ರೀಡಿನ ಪೆಟ್ಟಿಗೆಯಲ್ಲಿ ಕೇಳೋ ಜೀವ ಅದೇ. ಸರಿ ಅನ್ನಿಸಿದ ಕೂಡಲೇ ಬೇರೆ ನಂಬರಿನಲ್ಲಿ ಸೇವ್ ಮಾಡಿಬಿಡಿ.

"ಇಷ್ಟೆಲ್ಲಾ ಮಾಡಿದ್ರೂ ಅಸಲಿ ಸನಾದಿ ಆಗತ್ತೇನು?" ಅಂತೀರಾ? ಖಂಡಿತ ಆಗಲ್ಲ. 1977ರ 'ಸನಾದಿ ಅಪ್ಪಣ್ಣ'ದಲ್ಲಿ ರಾಜ್‌ಕುಮಾರ್ ಪಾತ್ರಕ್ಕೆ ಶಹನಾಯಿ ನುಡಿಸಿದವರು ಉಸ್ತಾದ್ ಬಿಸ್ಮಿಲ್ಲಾ ಖಾನ್. ಆ ಉಸಿರು ಯಾವ ಗುಂಡಿಯಲ್ಲೂ ಇಲ್ಲ. ಆದ್ರೆ ಕೊಂಡ ಟೋನ್ ಒತ್ತೋನಿಗೆ ಸನಾದಿ ಕೇಳೋ ಅಗತ್ಯವೇ ಬೀಳಲ್ಲ. ಕಟ್ಟೋಕೆ ಕೂತವನು ಮಾತ್ರ ಕರಡಿ ಮಜಲಿನವರ ಹತ್ತಿರ ಹೋಗಿ, ನಿಂತು, ಕಿವಿಗೊಟ್ಟು ಕೇಳಲೇಬೇಕು. ಕೇಳೋರು ಇದ್ರೆ ತಾನೇ ಊದೋರೂ ಇರೋದು?